ಕಂಬಳಿಯ ಮೂಲೆ ಹಿಡಿಯುವವರು

ಸಿಂಹಳಕ್ಕೆ ಹೋಗಿಬಂದೆ ಎಂದರೆ ನಮ್ಮೂರ ಜನ ಮೊದಲು ಕೇಳುವುದು, "ರಾವಣನ ಕೋಟೆ ನೋಡಿದ್ರಾ?" ನೋಡಲಿಲ್ಲ. "ಮುತ್ತು ತಂದ್ರಾ?" ತರಲಿಲ್ಲ. "ಮತ್ತೆ ಸಮುದ್ರ ದಾಟಿ ಯಾಕೆ ಹೋಗಿದ್ರಿ?" ಬೈಯಲು ಹೋಗಿದ್ದೆ. ಹೊಟ್ಟೆ ತುಂಬ ಬೈದು ಬಂದೆ. ಬೈಸಿಕೊಳ್ಳಬೇಕಾದವರನ್ನೇ ಬೈದೆನೇ ಎಂಬುದು ಬೇರೆ ಮಾತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಜಗಳೂರಿನಲ್ಲಿ ಕಂಬಳಿ ವ್ಯಾಪಾರ. ಸೊಕ್ಕೆಯಲ್ಲೂ ಸುತ್ತಿನ ಹಳ್ಳಿಗಳಲ್ಲೂ ನೇಯ್ದ ಕಂಬಳಿಗಳನ್ನು ಕೊಂಡು ಹೊರಗೆ ಕಳಿಸುತ್ತೇನೆ. ನಮ್ಮ ಅಪ್ಪನ ಕಾಲಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸಂತೆಗಳೇ ದೊಡ್ಡ ಪ್ರಪಂಚ. ನನ್ನ ಕಾಲಕ್ಕೆ ಕೊಲಂಬೊದ ಒಂದು ಕಂಪನಿ ನಮ್ಮ ಕಂಬಳಿಯನ್ನು ಹಿಡಿಯಿತು. ಅಲ್ಲಿನ ಬೆಟ್ಟಗಳ ಮೇಲಿನ ಟೀ ತೋಟಗಳಲ್ಲಿ ಕೂಲಿಯವರಿಗೆ ವರ್ಷಕ್ಕೊಂದು ಕಂಬಳಿ ಕೊಡುವ ಪದ್ಧತಿ. ಮಳೆಯಲ್ಲಿ ಎಲೆ ಕೀಳುವ ಹೆಂಗಸರಿಗೆ ಹಗಲು ಅದೇ ಕೊಡೆ, ರಾತ್ರಿ ಅದೇ ಹೊದಿಕೆ. ಆ ಬೇಡಿಕೆಯಿಂದ ಸೊಕ್ಕೆಯ ಮಗ್ಗಗಳು ವರ್ಷಪೂರ್ತಿ ಆಡತೊಡಗಿದವು. ಬೇಸಿಗೆಯಲ್ಲಿ ಊರು ಬಿಟ್ಟು ಹೋಗುತ್ತಿದ್ದ ನೇಕಾರರು ಊರಲ್ಲೇ ಉಳಿದರು.

ಹೋದ ವರ್ಷ ಕಂಪನಿಯಿಂದ ಟೈಪು ಮಾಡಿದ ಒಂದು ಕಾಗದ ಬಂತು. ನಿಮ್ಮ ಕಂಬಳಿಗೆ ಕುರಿಯ ನಾತ. ಇನ್ನು ಮೇಲೆ ನಾತ ಇರಕೂಡದು. ಮೇಲಿನವರ ಅಪ್ಪಣೆ, ನಾನು ತಲೆ ಬಾಗಿದೆ. ನೂಲುವ ಮುಂಚೆ ಉಣ್ಣೆಯನ್ನು ಚೌಳುಮಣ್ಣು ಹಾಕಿ ಕುದಿಸಿ, ಜಿಡ್ಡೆಲ್ಲ ಬಿಡುವ ಹಾಗೆ ತೊಳೆಯಬೇಕೆಂದು ಸೊಕ್ಕೆಗೆ ಹೇಳಿಕಳಿಸಿದೆ. ಮೂರನೆಯ ದಿನ ಕೆಂಚಮ್ಮ ಬಂದಳು. ನಲವತ್ತು ವರ್ಷದಿಂದ ಉಣ್ಣೆ ನೂಲಿದ ಮುದುಕಿ, ಅವಳ ಮಗ ನಿಂಗಪ್ಪ ನೇಕಾರ. ನನ್ನ ಅಂಗಡಿಯ ಜಗಲಿಗೆ ಮೂರು ಕಲ್ಲಿನ ಮೆಟ್ಟಿಲು. ಮಾಲು ತರುವವರು ಕೆಳಗೆ ನಿಲ್ಲುವುದು, ನಾನು ಮೇಲೆ ಕೂರುವುದು, ಇದು ಅಪ್ಪನ ಕಾಲದಿಂದ ಬಂದ ರೂಢಿ. ಅವಳು ಕೆಳಗೇ ನಿಂತು ಹೇಳಿದಳು:

"ಸಾವ್ಕಾರ್ರೆ, ಉಣ್ಣೆ ಜಿಡ್ಡು ತೆಗೀಬ್ಯಾಡ್ರಿ. ಕಂಬಳಿ ನೀರು ಕುಡೀತೈತೆ. ಕುರಿ ಮಳ್ಯಾಗೆ ನಿಂತ್ಕಂಡು ಹೆಂಗೆ ಬದುಕ್ತೈತೆ ಅಂದ್ಕಂಡ್ರಿ?"

"ನಿನ್ನ ಕೆಲ್ಸ ಏನು ಕೆಂಚಮ್ಮ?"

"ನೂಲೋದು."

"ಹಂಗಾರೆ ನೂಲು ಹೋಗು. ಕಂಪನಿಗೆ ಏನು ಬೇಕು ಅಂತ ನೋಡೋದು ನನ್ ಕೆಲ್ಸ."

ಹೋದಳು. ಈ ವರ್ಷ ಮುಂಗಾರು ಮುಗಿಯುತ್ತಲೇ ಇನ್ನೊಂದು ಕಾಗದ: ನಿಮ್ಮ ಕಂಬಳಿಗಳು ಮಳೆ ತಡೆಯುತ್ತಿಲ್ಲ, ಮುಂದಿನ ಖರೀದಿ ನಿಲ್ಲಿಸಲಾಗಿದೆ. ಓದಿದ ಕೂಡಲೇ ಮೈಯೆಲ್ಲ ಉರಿದುಹೋಯಿತು. ಜಗಳೂರಿನ ಕಂಬಳಿ ಮಳೆ ತಡೆಯುವುದಿಲ್ಲವೇ! ಆ ಕಳ್ಳರು ನಮ್ಮ ಮಾಲನ್ನು ಎಲ್ಲೋ ಹಾಳು ಮಾಡಿ ನಮ್ಮ ಮೇಲೆ ಹೊರಿಸುತ್ತಿದ್ದಾರೆ ಎಂದು ಮನೆಯಲ್ಲಿ ಎರಡು ದಿನ ಕೂಗಾಡಿದೆ. ನನ್ನ ಹೆಂಡತಿ ಗೌರಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಇಲ್ಲಿ ಕಿರುಚಿದ್ರೆ ಕೊಲಂಬಿಗೆ ಕೇಳ್ತೈತೇನ್ರಿ? ಅಲ್ಲಿಗೇ ಹೋಗಿ ಕಿರುಚ್ರಿ." ಸರಿ ಎಂದು ಹೊರಟೆ. ಹೆಗಲ ಮೇಲೆ ಅಪ್ಪನ ಹಳೆಯ ಕರಿ ಕಂಬಳಿ. ಕೆಂಚಮ್ಮನ ಮಾತು ನೆನಪಿಗೆ ಬರಲಿಲ್ಲವೇ ಎಂದರೆ, ಸುಳ್ಳು ಯಾಕೆ, ಒಂದು ಸಲ ಬಂತು. ತಳ್ಳಿಬಿಟ್ಟೆ.

ಮಂಡಪಂ

ಸಮುದ್ರ ದಾಟುವ ಮುಂಚೆ ಮಂಡಪಂ ಎಂಬಲ್ಲಿ ಎಲ್ಲರನ್ನೂ ಇಳಿಸಿ ರೋಗ ರುಜಿನ ನೋಡುತ್ತಾರೆ. ಹೆಗಲ ಮೇಲೆ ಕಂಬಳಿ ಕಂಡು ನನ್ನನ್ನು ಟೀ ತೋಟದ ಕೂಲಿಯವರ ಸಾಲಿಗೆ ತಳ್ಳಿದರು. ನಾನು ವ್ಯಾಪಾರಿ ಎಂದು ಕನ್ನಡದಲ್ಲಿ ಕೂಗಿದೆ. ಅಲ್ಲಿ ಯಾರಿಗೆ ಕನ್ನಡ? ಮುಂದೆ ಒಬ್ಬ ಕಣ್ಣು ನೋಡುತ್ತಾನೆ, ಇನ್ನೊಬ್ಬ ನಾಲಿಗೆ ನೋಡುತ್ತಾನೆ, ಮತ್ತೊಬ್ಬ ತೋಳು ಚುಚ್ಚುತ್ತಾನೆ. ಕಣ್ಣಿನವನಿಗೆ ನನ್ನ ನಾಲಿಗೆ ಬೇಡ, ನಾಲಿಗೆಯವನಿಗೆ ನನ್ನ ಕಣ್ಣು ಬೇಡ. ನಮ್ಮ ಊರಿನ ಪಂಡಿತರು ನಾಡಿ ಹಿಡಿದುಕೊಂಡೇ ಬೆಳೆ ಹೆಂಗೈತೆ, ಮಗಳ ಮದುವೆ ಯಾವಾಗ ಎಂದು ಕೇಳುವವರು. ಇಲ್ಲಿ ನಾನು ಮೂರು ತುಂಡಾಗಿ ಮುಂದೆ ಹೋದೆ.

ಕೊನೆಯಲ್ಲಿ ದೊಡ್ಡ ಕಬ್ಬಿಣದ ಪೆಟ್ಟಿಗೆ. ಕೂಲಿಯವರ ಬಟ್ಟೆಬರೆಯನ್ನೆಲ್ಲ ಅದರಲ್ಲಿ ತುಂಬಿ ಹಬೆಯಲ್ಲಿ ಬೇಯಿಸುತ್ತಿದ್ದರು. ಬೇಯಿಸುವವನು ಅಪ್ಪನ ಕಂಬಳಿಗೂ ಕೈ ಹಾಕಿದ. ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ, ಇಬ್ಬರೂ ಎಳೆದಾಡಿದೆವು. ಸಾಲಿನಲ್ಲಿದ್ದ ತುಮಕೂರು ಕಡೆಯ ಒಬ್ಬ ಮುದುಕ ಕನ್ನಡ, ತಮಿಳು ಎರಡೂ ಬಲ್ಲವನು, ನಡುವೆ ಬಂದ. ಬೇಯಿಸುವವನು ಅಂದನಂತೆ, "ಬೇಯಿಸೋದು ನನ್ ಕೆಲ್ಸ, ಯಾವುದನ್ನ ಬೇಯಿಸಬೇಕು ಅನ್ನೋ ಚೀಟಿ ಡಾಕ್ಟರು ಕೊಡ್ತಾರೆ." ಡಾಕ್ಟರ ಹತ್ತಿರ ಹೋದೆವು. ಆತ ಅಂದನಂತೆ, "ನಾನು ಮನುಷ್ಯರನ್ನ ನೋಡ್ತೀನಿ, ಬಟ್ಟೆ ನಂದಲ್ಲ." ಚೀಟಿ ಇಲ್ಲದೆ ಅವನು ಬೇಯಿಸುವಂತಿಲ್ಲ, ಬಟ್ಟೆಗೆ ಚೀಟಿ ಇವನು ಬರೆಯುವಂತಿಲ್ಲ. ಅಪ್ಪನ ಕಂಬಳಿ ಹಾಗೇ ನನ್ನ ಹೆಗಲಿಗೆ ವಾಪಸು ಬಂತು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಆ ದಿನ ಹಾವು ನಾನಾಗಿದ್ದೆ.

ಆದರೆ ಕಳ್ಳ ಸಿಕ್ಕಿದ ಎಂದುಕೊಂಡೆ. ಇದೇ ಪೆಟ್ಟಿಗೆ, ಇದೇ ಹಬೆ. ನಮ್ಮ ಕಂಬಳಿಗಳನ್ನು ಬೇಯಿಸಿ ಕೆಡಿಸುತ್ತಿರುವವರು ಇವರೇ. ಹಡಗಿನಲ್ಲಿ ಕೂತು, ಕಂಪನಿಯವರ ಮುಂದೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಪಕ್ಕದವರು ವಾಂತಿ ಮಾಡುತ್ತಿದ್ದರು. ನನಗೆ ಕೋಪದಲ್ಲಿ ಸಮುದ್ರ ಅಲುಗಾಡುತ್ತಿದೆ ಎಂಬುದೇ ಗೊತ್ತಾಗಲಿಲ್ಲ.

ಕೊಲಂಬೊ

ಕಂಪನಿಯಲ್ಲಿ ಹೊನ್ನಾಳಿಯವನೊಬ್ಬ ಗುಮಾಸ್ತನಿದ್ದ, ಹಾಲಪ್ಪ ಅಂತ. ಹದಿನಾಲ್ಕು ವರ್ಷದಿಂದ ಅಲ್ಲೇ. ಕರಿ ಕೋಟು, ಕಾಲಿಗೆ ಬೂಟು, ಬಾಯಲ್ಲಿ ಮಾತ್ರ ಹೊನ್ನಾಳಿ. ನನ್ನನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡ. "ಸಾವ್ಕಾರ್ರೆ, ಹೊಳ್ಯಾಗೆ ನೀರು ಹೆಂಗೈತೆ?" ಎಂದು ತುಂಗಭದ್ರೆಯನ್ನು ವಿಚಾರಿಸಿಕೊಂಡ. ಹೊಳೆಯೇ ಇಲ್ಲದ ಜಗಳೂರಿನವನನ್ನು ಹೊಳೆ ಕೇಳಿದರೆ ಏನು ಹೇಳಲಿ? ಇದೆ ಎಂದೆ.

ಹಬೆಯ ವಿಷಯ ಹೇಳಿದೆ. ಹಾಲಪ್ಪ ನಕ್ಕುಬಿಟ್ಟ. "ನಿಮ್ ಗಂಟು ಆ ಕಡೆ ಹೋಗೋದೇ ಇಲ್ರೀ. ಅವು ಸಾಮಾನಿನ ಹಡಗಿನಾಗೆ ನೇರ ಇಲ್ಲಿಗೇ ಬರ್ತಾವೆ, ಹೊಲಿಗಿ ಬಿಚ್ಚದಂಗೆ ಬೆಟ್ಟಕ್ಕೆ ಹೋಗ್ತಾವೆ." ಬಾಯಿಪಾಠ ಮಾಡಿದ್ದೆಲ್ಲ ನೀರು ಪಾಲಾಯಿತು. ನನ್ನ ಕೋಪಕ್ಕೆ ಬೇರೆ ಜಾಗ ಬೇಕಾಯಿತು.

ಜಾಗ ಕಂಪನಿಯ ಒಳಗೇ ಸಿಕ್ಕಿತು. ಉದ್ದನೆಯ ಕೋಣೆ, ಸಾಲಾಗಿ ಮೇಜುಗಳು, ಒಂದೊಂದು ಮೇಜಿಗೂ ಒಬ್ಬೊಬ್ಬ. ನಾಲ್ಕನೆಯ ಮೇಜಿನವನು ವಾಸನೆಯ ಕಾಗದ ಬರೆದವನು. ಅವನ ಕೆಲಸ ಗಿರಾಕಿಗಳ ದೂರು ತಿಳಿಸುವುದು. ಐದನೆಯ ಮೇಜಿನವನು ಮಳೆಯ ಕಾಗದ ಬರೆದವನು. ಅವನ ಕೆಲಸ ಖರೀದಿ ಮುಂದುವರಿಸುವುದು ಅಥವಾ ನಿಲ್ಲಿಸುವುದು. ಇಬ್ಬರ ನಡುವೆ ಒಂದು ಮೊಳ ಜಾಗ, ಮೇಲೆ ಒಂದೇ ಬೀಸಣಿಗೆ. ನಾನು ಎರಡೂ ಕಾಗದಗಳನ್ನು ಜೋಡಿಸಿ ಅವರ ನಡುವೆ ಇಟ್ಟೆ. ನಾಲ್ಕನೆಯವನು ಐದನೆಯವನ ಕಾಗದವನ್ನು ಮೊದಲ ಸಲ ನೋಡಿದ. ಐದನೆಯವನು ನಾಲ್ಕನೆಯವನದನ್ನು ನೋಡಲೂ ಇಲ್ಲ, ಅದು ತನ್ನ ಮೇಜಿನದಲ್ಲ ಎಂದು ಬೆರಳಿನಿಂದ ಆಚೆ ಸರಿಸಿದ.

"ಹಾಲಪ್ಪ, ಇವ್ರಿಬ್ಬರೂ ಮಾತಾಡಲ್ವೇನು?"

"ಊಟಕ್ಕೆ ಜತೀಗೇ ಹೋಗ್ತಾರ್ರೀ. ಆಫೀಸಿನ ಮಾತು ಆಡಂಗಿಲ್ಲ. ಆಡಬೇಕಂದ್ರೆ ಇವ್ನು ಮ್ಯಾಲಿನವ್ನಿಗೆ ಬರೀಬೇಕು, ಮ್ಯಾಲಿನವ್ನು ಅವ್ನಿಗೆ ಬರೀಬೇಕು."

"ಈ ಕಂಬಳಿ ಯಾರು ಹೊದ್ಕತಾರೆ ಅಂತ ಇವ್ರಿಗೆ ಗೊತ್ತೈತೇನು?"

"ಅದು ನಮ್ ಕೆಲ್ಸ ಅಲ್ರೀ."

ಆ ಮಾತನ್ನು ಅವನು ಎಷ್ಟು ಸಲೀಸಾಗಿ ಹೇಳಿದ ಎಂದರೆ, ನನಗೆ ನೆತ್ತಿಗೇರಿತು. ನೀನೂ ಕೆಟ್ಟೆಯಲ್ಲೋ ಹೊನ್ನಾಳಿಯವನೇ ಎಂದು ಕೂಗಿದೆ. ಬೀಸಣಿಗೆಯ ಕೆಳಗಿನ ತಲೆಗಳೆಲ್ಲ ಒಂದು ಸಲ ಎದ್ದು ಮತ್ತೆ ಬಗ್ಗಿದವು. ಕೂಗುವವರನ್ನು ಸುಮ್ಮನಾಗಿಸುವುದು ಯಾರ ಮೇಜಿನ ಕೆಲಸವೂ ಅಲ್ಲವೆಂದು ಕಾಣುತ್ತದೆ.

ಮಧ್ಯಾಹ್ನ ಊಟಕ್ಕೆ ಕರೆದುಕೊಂಡು ಹೋದ. ನಾನು ಶುದ್ಧ ಸಸ್ಯಾಹಾರಿ ಎಂದು ಎರಡೆರಡು ಸಲ ಹೇಳಿಸಿದೆ. ಅನ್ನ, ಬೇಳೆ, ಕೆಂಪಗೆ ಒಂದು ಕಾಯಿ ಚಟ್ನಿ. ಚಟ್ನಿ ಬಲು ರುಚಿ, ಮೂರು ಸಲ ಹಾಕಿಸಿಕೊಂಡೆ. ಎದ್ದ ಮೇಲೆ ಗೊತ್ತಾಯಿತು ಅದರಲ್ಲಿ ಒಣಮೀನಿನ ಪುಡಿ ಇತ್ತೆಂದು. ಶಿವ ಶಿವಾ! ಬಡಿಸಿದವನನ್ನು ಹಿಡಿದು ಕೇಳಿದೆ. ಬಡಿಸುವುದಷ್ಟೇ ತನ್ನ ಕೆಲಸ, ಅರೆದವರು ಒಳಗಿದ್ದಾರೆ ಎಂದ. ಅರೆದವಳು ಹೇಳಿದಳಂತೆ, ಯಾರು ತಿನ್ನುತ್ತಾರೆಂದು ತನಗೆ ಯಾರೂ ಹೇಳುವುದಿಲ್ಲ. ಆ ದಿನವೆಲ್ಲ ಬಾಯಿ ಮುಕ್ಕಳಿಸಿದೆ, ವಿಭೂತಿ ಬಳಿದುಕೊಂಡೆ, ಲಿಂಗವನ್ನು ಕೈಯಲ್ಲಿ ಹಿಡಿಯಲು ನಾಚಿಕೆಯಾಯಿತು. ಜಗಳೂರಿನಲ್ಲಿ ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಗೌರಮ್ಮನಿಗೂ. ಈಗ ಓದಿ ತಿಳಿದುಕೊಳ್ಳಲಿ.

ನಾನೇ ಬೆಟ್ಟಕ್ಕೆ ಹೋಗಿ ಕೇಳುತ್ತೇನೆ ಎಂದೆ. ಅದರ ಅಪ್ಪಣೆಗೆ ಎರಡು ದಿನ ಕಾದೆ. ಹಾಲಪ್ಪ ರಜೆ ಹಾಕಿ ಜೊತೆಗೆ ಬಂದ. ಅವನನ್ನು ಅಷ್ಟು ಬೈದಿದ್ದರೂ ಬಂದ ಎನ್ನುವುದನ್ನು ಇಲ್ಲಿ ಬರೆಯಬೇಕು.

ಬೆಟ್ಟದ ಮೇಲೆ

ನಮ್ಮ ಕಡೆ ಕಣ್ಣು ಹಾಯಿಸಿದರೆ ಆಕಾಶ ನೆಲಕ್ಕೆ ಮುಟ್ಟುವವರೆಗೂ ಬಯಲು. ಇಲ್ಲಿ ಹತ್ತು ಮಾರು ಆಚೆ ಮಂಜು. ಬೆಟ್ಟವನ್ನೆಲ್ಲ ಕ್ಷೌರ ಮಾಡಿದ ಹಾಗೆ ಸಮನಾಗಿ ಕತ್ತರಿಸಿದ ಟೀ ಗಿಡ. ಜಿಟಿಜಿಟಿ ಮಳೆ. ಗಿಡಗಳ ನಡುವೆ ಸಾಲಾಗಿ ಹೆಂಗಸರು, ಬೆನ್ನಿಗೆ ಬುಟ್ಟಿ, ತಲೆಯ ಮೇಲಿಂದ ಇಳಿಬಿಟ್ಟ ಕಂಬಳಿ. ದೂರದಿಂದಲೇ ಗುರುತು ಸಿಕ್ಕಿತು, ನಮ್ಮ ಸೊಕ್ಕೆಯ ಅಂಚು! ಎದೆ ಉಬ್ಬಿತು. ಇಷ್ಟು ದೂರದಲ್ಲಿ, ಯಾವುದೋ ಮಂಜಿನಲ್ಲಿ, ನಿಂಗಪ್ಪನ ಕೈಯ ಕೆಲಸ.

ಹತ್ತಿರ ಹೋದೆ. ಆ ಸಾಲಿನ ಕೊನೆಯಲ್ಲಿದ್ದ ಹೆಂಗಸು ಕಂಬಳಿಯನ್ನು ತೆಗೆದು, ಸೀರೆ ಹಿಂಡುವ ಹಾಗೆ ಎರಡೂ ಕೈಯಲ್ಲಿ ಹಿಂಡಿದಳು. ಧಾರೆಯಾಗಿ ನೀರು ಸುರಿಯಿತು. ಮತ್ತೆ ಅದನ್ನೇ ತಲೆಗೆ ಹಾಕಿಕೊಂಡು ಎಲೆ ಕೀಳತೊಡಗಿದಳು. ಹಲ್ಲು ಕಟಕಟ ಅನ್ನುತ್ತಿದ್ದುದು ನನಗೆ ಕೇಳಿಸಿತು.

ಹೆಸರು ಮುತ್ತಾಯಿ. ನನ್ನ ವಯಸ್ಸಿನವಳೇ ಇರಬೇಕು. ಈ ಕಂಬಳಿ ಮಾಡಿಸಿದವನು ನಾನೇ ಎಂದು ಹಾಲಪ್ಪ ತಮಿಳಿನಲ್ಲಿ ಹೇಳಿದ. ಬೈಯುತ್ತಾಳೆಂದು ನಾನು ಮೈ ಬಿಗಿಹಿಡಿದು ನಿಂತೆ. ಬೈಯಲಿಲ್ಲ. ನನ್ನ ಹೆಗಲ ಮೇಲಿನ ಅಪ್ಪನ ಕಂಬಳಿಯ ತುದಿ ಹಿಡಿದು ಮೂಸಿದಳು. ಬೆರಳುಗಳ ನಡುವೆ ಉಜ್ಜಿದಳು. ಆಮೇಲೆ ಉಜ್ಜಿದ ಬೆರಳನ್ನು ಹಾಲಪ್ಪನ ಮೂಗಿಗೇ ಹಿಡಿದು ಏನೋ ಹೇಳಿದಳು.

"ಏನಂತೆ?"

"ಮೊದ್ಲು ಬರ್ತಿದ್ದು ಹಿಂಗೇ ಇದ್ವಂತೆ. ಕುರಿ ನಾತ, ಕೈಗೆ ಜಿಡ್ಡು. ನೀರು ಮ್ಯಾಲೇ ಜಾರ್ತಿತ್ತಂತೆ. ಹೋದ ಸಲ ಬಂದಾವು ಏನೂ ನಾತ ಇಲ್ವಂತೆ, ನೀರು ಕುಡೀತಾವಂತೆ. ಜಿಡ್ಡು ತೆಗೆದವ್ರು ಯಾರು ಅಂತ ಕೇಳ್ತಾಳೆ."

ಕುರಿ ಮಳ್ಯಾಗೆ ನಿಂತ್ಕಂಡು ಹೆಂಗೆ ಬದುಕ್ತೈತೆ ಅಂದ್ಕಂಡ್ರಿ? ಕೆಂಚಮ್ಮನ ದನಿ ಆ ಮಂಜಿನಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಇದನ್ನು ಮೇಲಿನವರಿಗೆ ಹೇಳಲಿಲ್ಲವೇ ಎಂದು ಕೇಳಿಸಿದೆ, ಕೋಪವನ್ನು ಬೇರೆ ಕಡೆ ತಿರುಗಿಸುವುದಕ್ಕೆ. ಅವಳು ಕೈ ಆಡಿಸಿ ತೋರಿಸಿದಳು. ತನ್ನ ಮೇಲೆ ಮೇಸ್ತ್ರಿ, ಅವನಿಗೆ ಕಂಗಾಣಿ ಎನ್ನುತ್ತಾರೆ. ಅವನ ಮೇಲೆ ದೊಡ್ಡ ಗುಮಾಸ್ತ. ಅವನ ಮೇಲೆ ಚಿನ್ನ ದೊರೆ. ಅವನ ಮೇಲೆ ಇನ್ನೊಬ್ಬ. ಕಂಗಾಣಿಗೆ ಹೇಳಿದಳಂತೆ. ಎಲೆ ಕೀಳುವುದು ನಿನ್ನ ಕೆಲಸ, ಕೀಳು ಅಂದನಂತೆ.

ಈ ಮಾತನ್ನು ಹಾಲಪ್ಪ ಕನ್ನಡಕ್ಕೆ ತಿರುಗಿಸುವಾಗ ನನ್ನ ಕಣ್ಣು ನೆಲದ ಮೇಲಿತ್ತು.

ಆಗಲಿ, ಇವರಿಗೆ ತಿಳಿಸಿಯೇ ಹೋಗುತ್ತೇನೆ ಎಂದು ಹಟ ಹಿಡಿದೆ. ಅದರಲ್ಲೂ ಚಿನ್ನದ ದೊರೆಯನ್ನೇ ನೋಡಬೇಕು. ಅವನ ಮೇಲೆ ಇನ್ನೊಬ್ಬ ಇದ್ದರೇನು, ಬಂಗಾರದ ಹೆಸರಿನವನ ಮಾತೇ ಎಲ್ಲರಿಗಿಂತ ಮೇಲಿರಬೇಕಲ್ಲ. ಟೀ ಕಾರ್ಖಾನೆಯ ಬಾಗಿಲಲ್ಲಿ ಅರ್ಧ ದಿನ ಅವನಿಗೇ ಕಾದೆ. ಬೇರೆ ಯಾರು ಬಂದರೂ ಬೇಡ, ಚಿನ್ನ ದೊರೆಯೇ ಬರಬೇಕೆಂದು ಕೂತೆ. ಕೊನೆಗೆ ಮೀಸೆ ಈಗ ಚಿಗುರುತ್ತಿದ್ದ ಒಬ್ಬ ಬಿಳಿಯ ಹುಡುಗ ಸೈಕಲ್ಲಿನ ಮೇಲೆ ಬಂದ. ನಾನು ಬಗ್ಗಿ ಕೈ ಮುಗಿದೆ, ನ್ಯಾಮತಿಯಿಂದ ತಂದಿದ್ದ ಬೆಲ್ಲದ ಅಚ್ಚನ್ನೂ ಕೈಗೆ ಕೊಟ್ಟೆ. ಅವನು ಹೆದರಿದ. ಹಾಲಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಸಾವ್ಕಾರ್ರೆ, ತಮಿಳಿನಾಗೆ ಚಿನ್ನ ಅಂದ್ರೆ ಸಣ್ಣದು! ಇವ್ನು ಸಣ್ಣ ದೊರೆ. ದೊಡ್ಡವ್ನು ಬಂಗ್ಲೇನಾಗೆ ಅವ್ನೆ." ಮೊದಲೇ ಹೇಳಬಾರದಿತ್ತೇನೋ ಎಂದರೆ, "ನೀವು ಕೇಳ್ಲಿಲ್ವಲ್ರೀ" ಅಂದ. ಅವನನ್ನು ಅಲ್ಲೇ ಟೀ ಗಿಡದೊಳಗೆ ತಳ್ಳುವಷ್ಟು ಕೋಪ ಬಂತು.

ದೊರೆಯ ಜಗಲಿ

ಇದು ತನ್ನ ಕೆಲಸವಲ್ಲ ಎಂದು ಸಣ್ಣ ದೊರೆ ಅಂದದ್ದರಿಂದ, ದೊಡ್ಡ ದೊರೆಯ ಬಂಗಲೆಗೆ ನಾವು ಮೆರವಣಿಗೆ ಹೋದೆವು. ಮುಂದೆ ಸಣ್ಣ ದೊರೆ, ಹಿಂದೆ ದೊಡ್ಡ ಗುಮಾಸ್ತ, ಆಮೇಲೆ ಕಂಗಾಣಿ, ಆಮೇಲೆ ಹಾಲಪ್ಪ, ನಾನು. ಎಲ್ಲರಿಗಿಂತ ಹಿಂದೆ ಮುತ್ತಾಯಿ. ಅವಳ ಒದ್ದೆ ಕಂಬಳಿಯನ್ನು ತೋರಿಸಲೆಂದು ನಾನು ಕೇಳಿ ತಂದಿದ್ದೆ. ಅವಳಿಗಿದ್ದುದು ಅದೊಂದೇ, ವಾಪಸು ಪಡೆಯಲು ಬೆನ್ನ ಹಿಂದೆಯೇ ಬಂದಳು.

ಬಂಗಲೆಯ ಜಗಲಿಗೆ ಮೂರು ಮೆಟ್ಟಿಲು. ನಾವು ಗಂಡಸರು ಹತ್ತಿದೆವು. ಮುತ್ತಾಯಿ ಕೆಳಗೆ ಮಳೆಯಲ್ಲಿ ನಿಂತಳು. ದೊರೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದ, ಕಾಲ ಬಳಿ ನಾಯಿ.

ನಾನು ಕನ್ನಡದಲ್ಲಿ ಹಾಲಪ್ಪನಿಗೆ ಹೇಳಬೇಕು. ಹಾಲಪ್ಪ ತಮಿಳಿನಲ್ಲಿ ಗುಮಾಸ್ತನಿಗೆ. ಗುಮಾಸ್ತ ಇಂಗ್ಲಿಷಿನಲ್ಲಿ ಸಣ್ಣ ದೊರೆಗೆ. ಸಣ್ಣ ದೊರೆ ಅದೇ ಇಂಗ್ಲಿಷನ್ನು ತಿರುಗಿ ದೊಡ್ಡ ದೊರೆಗೆ. ನಾವೆಲ್ಲ ನಿಂತಿದ್ದುದು ಒಂದು ಕಂಬಳಿ ಹಾಸುವಷ್ಟು ಜಾಗದಲ್ಲಿ! ಹಾಲಪ್ಪನಿಗೆ ಇಂಗ್ಲಿಷು ಬರುತ್ತಿತ್ತು, ಆದರೂ ದೊರೆಗೆ ನೇರ ಹೇಳುವಂತಿಲ್ಲ. ಗುಮಾಸ್ತ ದೊರೆಯ ಮುಖ ನೋಡಿ ಹೇಳುವಂತಿಲ್ಲ. ನಾಯಿ ಮಾತ್ರ ನನ್ನನ್ನು ನೇರವಾಗಿ ನೋಡಿ ಬೊಗಳಿತು. ಅದರ ಮೇಲೊಂದಕ್ಕೇ ನನಗೆ ಕೋಪ ಬರಲಿಲ್ಲ.

ಮಾತು ಆಚೆ ಹೋಗಿ ಈಚೆ ಬರುವಷ್ಟರಲ್ಲಿ ನನಗೆ ತಾಳ್ಮೆ ಕೆಟ್ಟಿತು. ಹಾಲಪ್ಪನನ್ನು ಸರಿಸಿ, ಅಪ್ಪನ ಕಂಬಳಿಯನ್ನು ಎತ್ತಿ ಹಿಡಿದು ನಾನೇ ಕೂಗಿದೆ: "ಕಂಬಳಿಗೆ ವಾಸನೆ ಬೇಕು! ವಾಸನೆ!"

ಗುಮಾಸ್ತನ ಮುಖ ಅರಳಿತು. ತನಗೆ ಅರ್ಥವಾಯಿತೆಂದು ಸರಸರ ಇಂಗ್ಲಿಷು ಮಾಡಿಬಿಟ್ಟ. ಸಣ್ಣ ದೊರೆ ದೊಡ್ಡ ದೊರೆಗೆ ಹೇಳಿದ. ದೊಡ್ಡ ದೊರೆ ಹುಬ್ಬು ಮೇಲೆ ಮಾಡಿ ನಕ್ಕ. ಹಾಲಪ್ಪ ತಲೆ ಚಚ್ಚಿಕೊಂಡ.

"ಏನಾತೋ?"

"ತಮಿಳ್ರಿಗೆ ವಾಸನೆ ಅಂದ್ರೆ ಹೂವಿನ ಪರಿಮಳ ಕಣ್ರೀ! ಜಗಳೂರಿನ ಸಾವ್ಕಾರ ಇನ್ಮ್ಯಾಲೆ ಅತ್ತರು ಹಾಕಿ ಕಂಬಳಿ ಕಳಿಸ್ತಾನಂತೆ ಅಂತ ಹೇಳ್ಬಿಟ್ಟ. ದೊರೆಸಾನಿಗೆ ಬಾಳ ಸಂತೋಷ ಆಗ್ತೈತೆ ಅಂತಾನೆ ದೊರೆ."

ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಇದರಲ್ಲಿ ದೊರೆಸಾನಿ ಎಲ್ಲಿಂದ ಬಂದಳೆಂದು ಹಾಲಪ್ಪನಿಂದ ಗುಮಾಸ್ತನನ್ನು ಕೇಳಿಸಿದಾಗ ತಿಳಿಯಿತು ಇಡೀ ಕಥೆ. ಕಂಬಳಿ ಇಡುವ ಉಗ್ರಾಣ ಬಂಗಲೆಯ ಹಿಂಬದಿಗೆ. ಕುರಿ ನಾತ ಬಡಿದದ್ದು ದೊರೆಸಾನಿಯ ಮೂಗಿಗೆ. ಅವಳ ಮೂಗಿನಿಂದ ಹೊರಟ ಮಾತು ದೊರೆ, ಗುಮಾಸ್ತ, ಕೊಲಂಬೊದ ನಾಲ್ಕನೆಯ ಮೇಜು, ಎಲ್ಲ ಇಳಿದು ಜಗಳೂರಿನ ನನ್ನ ಜಗಲಿಗೆ ಬಂತು. ಅಲ್ಲಿಂದ ನಾನೇ ಅದನ್ನು ಸೊಕ್ಕೆಗೆ ಇಳಿಸಿದೆ. ಮೇಲಿನಿಂದ ಮಾತು ಇಳಿಯುವುದು ಎಷ್ಟು ಸಲೀಸು! ಒಬ್ಬನೂ ತಡೆಯಲಿಲ್ಲ.

ಇನ್ನು ಬಾಯಿ ಮಾತು ಸಾಕು ಎಂದೆ. ನಮ್ಮ ಕಡೆ ಕಂಬಳಿ ಪರೀಕ್ಷೆಗೆ ಒಂದು ಕ್ರಮವಿದೆ. ಇಬ್ಬರು ನಿಂತು ನಾಲ್ಕೂ ಮೂಲೆ ಹಿಡಿಯಬೇಕು, ನಡುವೆ ಒಂದು ಕೊಡ ನೀರು ಸುರಿಯಬೇಕು. ಒಳ್ಳೆಯ ಕಂಬಳಿಯಾದರೆ ನೀರು ತೊಟ್ಟಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಅಪ್ಪನ ಕಂಬಳಿಯ ಎರಡು ಮೂಲೆಗಳನ್ನು ನಾನು ಹಿಡಿದೆ. ಇನ್ನೆರಡನ್ನು ಹಿಡಿಯಿರಿ ಎಂದು ಸುತ್ತ ನೋಡಿದೆ.

ಗುಮಾಸ್ತ ಕಂಗಾಣಿಯ ಮುಖ ನೋಡಿದ. ಕಂಗಾಣಿ, ತಾನು ಕೂಲಿಯವರಿಂದ ಕೆಲಸ ಮಾಡಿಸುವವನೇ ಹೊರತು ಮಾಡುವವನಲ್ಲ ಎಂಬಂತೆ ಕೈ ಹಿಂದಕ್ಕೆ ಕಟ್ಟಿದ. ಸಣ್ಣ ದೊರೆ ಒಂದು ಹೆಜ್ಜೆ ಮುಂದಿಟ್ಟು, ದೊಡ್ಡ ದೊರೆಯನ್ನು ನೋಡಿ ಹಿಂದಕ್ಕಿಟ್ಟ. ಒಳಗಿನಿಂದ ಬಟ್ಲರನ್ನು ಕರೆದರು. ಅವನು ಬಂದು, ಕಂಬಳಿ ಮುಟ್ಟಿದ ಕೈಯಲ್ಲಿ ಬಟ್ಟಲು ಮುಟ್ಟುವಂತಿಲ್ಲ ಎಂದು ಹೋದ. ನಾನು ಎರಡು ಮೂಲೆ ಹಿಡಿದುಕೊಂಡು ನಿಂತ ಮೂರ್ಖ. ಉಳಿದ ಎರಡು ಮೂಲೆ ನೆಲದ ಮೇಲೆ.

"ಯಾರ್ ಕೆಲ್ಸ ಹಂಗಾರೆ ಇದು?" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕನ್ನಡದಲ್ಲೇ. ಯಾರೂ ತಿರುಗಿಸಿ ಹೇಳಬೇಕಾಗಲಿಲ್ಲ.

ಮುತ್ತಾಯಿ ಮೆಟ್ಟಿಲು ಹತ್ತಿ ಬಂದಳು. ಒಂದು, ಎರಡು, ಮೂರು. ಸೀರೆಯಿಂದ ನೀರು ಸುರಿದು ಆ ನುಣುಪಾದ ನೆಲವೆಲ್ಲ ಒದ್ದೆಯಾಯಿತು. ಕಂಗಾಣಿ ಗದರಿದ. ಅವಳು ಅವನ ಕಡೆ ನೋಡದೆ ಬಗ್ಗಿ ಎರಡು ಮೂಲೆ ಎತ್ತಿ ಹಿಡಿದಳು. ಹಾಲಪ್ಪ ಕೋಟು ಕಳಚಿ ಇಟ್ಟು, ಮೆಟ್ಟಿಲ ಪಕ್ಕದ ನೀರಿನ ತಗಡಿನ ಡಬ್ಬವನ್ನು ಎತ್ತಿ ತಂದು ಸುರಿದ. ಹೊನ್ನಾಳಿಯವನು ಆ ಒಂದು ಗಳಿಗೆಯಲ್ಲಿ ಮತ್ತೆ ನಮ್ಮವನಾದ.

ನೀರು ನಿಂತಿತು. ಅಪ್ಪನ ಕಂಬಳಿಯಲ್ಲಿ ಒಂದು ಹನಿ ಕೆಳಗೆ ಬೀಳಲಿಲ್ಲ. ಆಮೇಲೆ ಮುತ್ತಾಯಿಯ ಹೊಸ ಕಂಬಳಿ ಹಿಡಿದೆವು. ಸುರಿದದ್ದು ಸುರಿದ ಹಾಗೇ ಇಳಿದು ದೊರೆಯ ಬೂಟಿನ ತನಕ ಹರಿಯಿತು. ನಾಯಿ ಎದ್ದು ಆಚೆ ಹೋಯಿತು.

ದೊರೆ ಎದ್ದು ಬಂದು ಅಪ್ಪನ ಕಂಬಳಿಯ ಕೆಳಗೆ ಅಂಗೈ ಇಟ್ಟು ನೋಡಿದ. ಒಣಗಿತ್ತು. "ಕಂಬ್ಳಿ," ಎಂದ. ಮೇಲಿನಿಂದ ಕೆಳಗಿನವರೆಗೆ ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಒಂದೇ ಮಾತು ಅದು. ಆಮೇಲೆ ಸಣ್ಣ ದೊರೆಗೆ ಏನೋ ಹೇಳಿ ಒಳಗೆ ಹೋದ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನನಗೆ ಬಂತು: ಉಗ್ರಾಣವನ್ನು ಬೇರೆ ಕಡೆ ಮಾಡುತ್ತಾರೆ, ಮೊದಲಿನಂಥ ಕಂಬಳಿಯನ್ನೇ ಕಳಿಸಬೇಕು, ಖರೀದಿ ನಿಲ್ಲುವುದಿಲ್ಲ.

ಸೊಕ್ಕೆಯ ಮಗ್ಗಗಳು ಉಳಿದವು. ನಾನು ಕುಣಿಯಬೇಕಿತ್ತು. ಅಷ್ಟರಲ್ಲಿ ಗುಮಾಸ್ತ ಕಂಗಾಣಿಗೆ, ಕಂಗಾಣಿ ಮುತ್ತಾಯಿಗೆ ಏನೋ ಹೇಳಿದರು. ಒತ್ತಾಯ ಮಾಡಿ ಕೇಳಿದ ಮೇಲೆ ಹಾಲಪ್ಪ ಅಂದ: "ಜಗಲಿ ಹತ್ತಿದ್ದಕ್ಕೆ ನಾಳೆಯಿಂದ ಅವ್ಳನ್ನ ಮ್ಯಾಲಿನ ಗುಡ್ಡಕ್ಕೆ ಹಾಕ್ಯಾರೆ. ಅಲ್ಲಿ ಗಾಳಿ, ಜಿಗಣೆ, ನಿಲ್ಲಾಕೆ ಆಗಲ್ಲ."

"ಅವ್ಳಿಂದಲೇ ಅಲ್ವೇನೋ ಎಲ್ಲಾ ಗೊತ್ತಾಗಿದ್ದು!"

"ಕಂಬಳಿ ವಿಷ್ಯ ಬ್ಯಾರೆ, ಜಗಲಿ ವಿಷ್ಯ ಬ್ಯಾರೆ ಅಂತಾನ್ರೀ ಗುಮಾಸ್ತ."

ನಾನು ಆ ಜಗಲಿಯ ಮೇಲೆ ನಿಂತು ನನಗೆ ಬರುವ ಬೈಗುಳವನ್ನೆಲ್ಲ ಬೈದೆ. ಜಗಳೂರು ಸಂತೆಯಲ್ಲಿ ಕಲಿತದ್ದು, ಕುರಿ ಕಾಯುವವರ ಬಾಯಲ್ಲಿ ಕೇಳಿದ್ದು, ಒಂದನ್ನೂ ಉಳಿಸಲಿಲ್ಲ. ಹಾಲಪ್ಪ ಒಂದು ಮಾತನ್ನೂ ತಿರುಗಿಸಿ ಹೇಳಲಿಲ್ಲ. ಬಾಗಿಲು ಮುಚ್ಚಿತ್ತು.

ಅಪ್ಪನ ಕಂಬಳಿಯನ್ನು ಮುತ್ತಾಯಿಗೆ ಹೊದಿಸಿದೆ. ಅವಳು ಬೇಡವೆನ್ನಲಿಲ್ಲ. ಹೋಗುವ ಮುಂಚೆ ಹಾಲಪ್ಪನ ಮೂಲಕ ಒಂದು ಮಾತು ಕೇಳಿದಳು: ನಿಮ್ಮೂರಲ್ಲಿ ಉಣ್ಣೆ ನೂಲುವ ಹೆಂಗಸರಿಗೆ ಈ ಜಿಡ್ಡಿನ ವಿಷಯ ಗೊತ್ತಿರಲಿಲ್ಲವೇ?

"ಗೊತ್ತಿತ್ತು ಅಂತ ಹೇಳು."

ಮತ್ತೆ ಯಾಕೆ ಹೇಳಲಿಲ್ಲ?

"ಹೇಳಿದ್ಲು."

"ಯಾರಿಗ್ರೀ?" ಎಂದು ಹಾಲಪ್ಪನೇ ಕೇಳಿದ. ನಾನು ಮೆಟ್ಟಿಲು ಇಳಿದು ನಡೆದೆ.

ಜಗಳೂರು

ಊರಿಗೆ ಬಂದ ದಿನವೇ ಉಣ್ಣೆ ತೊಳೆಯುವುದನ್ನು ನಿಲ್ಲಿಸಿ ಎಂದು ಸೊಕ್ಕೆಗೆ ಹೇಳಿಕಳಿಸಿದೆ. ಕೆಂಚಮ್ಮ ಬರುತ್ತಾಳೆ, ನಾನು ಅವತ್ತೇ ಹೇಳಿರಲಿಲ್ವಾ ಎನ್ನುತ್ತಾಳೆ ಎಂದು ದಿನಾ ಬೀದಿ ನೋಡಿದೆ. ಬರಲಿಲ್ಲ. ತಿಂಗಳು ಕಳೆದ ಮೇಲೆ ನಿಂಗಪ್ಪ ಹೊಸ ಕಂಬಳಿಗಳ ಗಂಟು ಹೊತ್ತು ಬಂದ. ಅವನ ಹಿಂದೆ ಕೆಂಚಮ್ಮ, ಕಂಕುಳಲ್ಲಿ ಒಂದು ಬಿಡಿ ಕಂಬಳಿ. ಇಬ್ಬರೂ ಮೆಟ್ಟಿಲ ಕೆಳಗೆ ನಿಂತರು.

ನಾನು ಜಗಲಿಯ ಮೇಲಿನಿಂದಲೇ, ದೊಡ್ಡ ಮನಸ್ಸು ಮಾಡಿದವನ ಹಾಗೆ ಕರೆದೆ: "ಕೆಂಚಮ್ಮ, ಮ್ಯಾಲೆ ಬಾ. ಇನ್ಮೇಲೆ ಕಂಬಳಿ ಗಂಟು ಕಟ್ಟಾಕೆ ಮುಂಚೆ ನೀನೇ ನೋಡಿ ಹೇಳ್ಬೇಕು."

"ನನ್ ಕೆಲ್ಸ ನೂಲೋದು, ಸಾವ್ಕಾರ್ರೆ."

ನನ್ನ ಮಾತನ್ನೇ ನನಗೆ ಕೊಟ್ಟಳು. ಪಕ್ಕದ ಅಂಗಡಿಯವರು ನೋಡುತ್ತಿದ್ದರು. ಕೋಪ ಬರಬೇಕಿತ್ತು, ಬಂತು ಕೂಡ. ನುಂಗಿಕೊಂಡು ಮತ್ತೆ ಹೇಳಿದೆ: "ತಪ್ಪಾತು ಕಣವ್ವ. ಬಾ ಮ್ಯಾಲೆ."

"ಕಂಬಳಿ ಕೆಳಗೈತೆ. ನೀವೇ ಇಳ್ದು ಬರ್ರಿ."

ಇಳಿದೆ. ಕೆಂಚಮ್ಮ ಕಂಕುಳಲ್ಲಿದ್ದ ಕಂಬಳಿಯನ್ನು ಬಿಡಿಸಿದಳು. ಎರಡು ಮೂಲೆ ನಿಂಗಪ್ಪ ಹಿಡಿದ, ಎರಡು ನಾನು ಹಿಡಿದೆ. ಅವಳು ಎದುರು ಮನೆಯಿಂದ ತುಂಬಿದ ಕೊಡ ತಂದು ನಡುವೆ ಸುರಿದಳು. ನೀರೆಲ್ಲ ಸೋರಿ ನನ್ನ ಪಾದದ ಮೇಲೆ, ಧೋತರದ ಮೇಲೆ ಬಿತ್ತು.

"ಜಿಡ್ಡು ತೆಗೀಬ್ಯಾಡ್ರಿ ಅಂತ ಹೇಳಿ ಕಳ್ಸಿರಲಿಲ್ಲೇನು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಹಳೆಯ ಚಾಳಿ.

"ಇದು ಹೊಸಾದಲ್ಲ ಸಾವ್ಕಾರ್ರೆ," ಎಂದಳು ಕೆಂಚಮ್ಮ. "ಹ್ವಾದ ವರ್ಷದ್ದು. ನೀವು ತೊಳೆಸಿದ್ದು. ಒಂದು ಎತ್ತಿಟ್ಕಂಡಿದ್ದೆ."

"ಯಾಕೆ?"

"ಎಂದಾರ ಇಳ್ದು ಬರ್ತೀರೇನೋ ಅಂತ."

ಆಮೇಲೆ ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟಳು. "ಹೊಸಾವು ನೋಡಾಕೆ ಇನ್ನೊಂದು ಕೊಡ ನೀರು ಬೇಕು, ತರ್ರಿ."

ಕೊಡ ತೆಗೆದುಕೊಂಡು ಬಾವಿಗೆ ಹೋದೆ.